ಮಗ್ಗದ ವೀರವ್ವನ ಏಳು ಮಂದಿ ತವರಿನವರು

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ವೀರವ್ವನ ಮಗ್ಗ ಶುರುವಾದರೆ ಕೋಳಿಗಳು ಕೂಗುವುದನ್ನೇ ಬಿಡುತ್ತವೆ, ಹೇಗೂ ಎಲ್ಲರೂ ಎದ್ದಾಯಿತಲ್ಲ ಎಂದು. ಅವಳ ಲಾಳಿಯ ಮೇಲೆ ಒಮ್ಮೆ ಒಂದು ನೊಣ ಕೂತಿತ್ತಂತೆ. ಈ ಅಂಚಿನಿಂದ ಆ ಅಂಚಿಗೆ ಓಡಾಡಿ ಓಡಾಡಿ, ಅದು ಕೆಳಗಿಳಿಯುವಷ್ಟರಲ್ಲಿ ಅದಕ್ಕೆ ಮೊಮ್ಮಕ್ಕಳಾಗಿದ್ದವಂತೆ. ಹದಿನೇಳನೇ ವಯಸ್ಸಿಗೆ ಅಬ್ಬಿಗೇರಿಯಿಂದ ಮದುವೆಯಾಗಿ ಬಂದವಳು ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತು ಮೂವತ್ತೊಂಬತ್ತು ವರ್ಷ. ಸೊಂಟದಿಂದ ಕೆಳಗಿನ ವೀರವ್ವನನ್ನು ಓಣಿಯ ಅರ್ಧ ಮಂದಿ ನೋಡಿಯೇ ಇಲ್ಲ ಎಂದರೆ ಅದು ಸುಳ್ಳಲ್ಲ, ಸ್ವಲ್ಪ ಹಿಗ್ಗಿಸಿದ ಸತ್ಯ.

ಗಂಡ ಹನಮಂತಪ್ಪನೂ ನೇಕಾರನೇ. ಆದರೆ ಕಣ್ಣಿಗೆ ಪೊರೆ ಬಂದು, ದವಾಖಾನೆಯಲ್ಲಿ ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂಡುವ ಕೆಲಸ ಅವನ ಪಾಲಿಗೆ ಬಂದಿತ್ತು. ಹೀಗಾಗಿ ಆ ವರ್ಷ ಜಕಣ್ಯಾರ ಸೀರೆಯನ್ನೂ ವೀರವ್ವನೇ ನೇಯಬೇಕಾಯಿತು.

ಜಕಣ್ಯಾರು ಅಂದರೆ ಏಳು ಮಂದಿ ಅಕ್ಕತಂಗಿಯರು. ದೇವರೆನ್ನಲು ಅವರಿಗೆ ಗುಡಿಯಿಲ್ಲ, ದೆವ್ವವೆನ್ನಲು ಅವರು ಯಾವತ್ತೂ ಸತ್ತಿಲ್ಲ. ನೀರಿದ್ದಲ್ಲಿ ಇರುತ್ತಾರೆ. ನೋಡಲು ಬಲು ಚೆಂದ, ಮಾತು ಬೆಲ್ಲ. ಬೇಕೆನಿಸಿದ್ದನ್ನು ಕಿತ್ತುಕೊಳ್ಳುವುದಿಲ್ಲ, ನಗುತ್ತ ಕೇಳುತ್ತಾರೆ. ಕೊಟ್ಟವರು ತಾವು ಏನು ಕೊಟ್ಟೆವು ಎಂದು ಆಮೇಲೆ ತಿಳಿದು ಅಳುತ್ತಾರೆ. ಬಸುರಿಯರು, ಎಳೆಗೂಸುಗಳು ಎಂದರೆ ಅವರಿಗೆ ಪ್ರಾಣ. ಅವರಿಗಾಗಿ ಹನಮಂತಪ್ಪನ ಮನೆತನದವರು ಪ್ರತಿವರ್ಷ ಒಂದೇ ಹಾಸಿನಲ್ಲಿ, ಅಂದರೆ ಮಗ್ಗಕ್ಕೆ ಒಮ್ಮೆ ಬಿಗಿದ ಉದ್ದೆಳೆಗಳಲ್ಲಿ, ಮೊಳದುದ್ದದ ಏಳು ಹಸಿರು ಸೀರೆ ನೇಯ್ದು, ಗುಡ್ಡದ ಬುಡದ ಹಾಳು ಬಾವಿಗೆ ಒಪ್ಪಿಸುತ್ತ ಬಂದಿದ್ದಾರೆ. ಹಾಗೆ ಕೊಟ್ಟು ಊರನ್ನು ಊರಿನ ಪಾಡಿಗೆ, ಅವರನ್ನು ಬಾವಿಯ ಪಾಡಿಗೆ ಇರಿಸಿಕೊಂಡು ಬಂದದ್ದು.

ಇದರಲ್ಲಿ ಒಂದು ಕಟ್ಟಳೆಯಿದೆ. ಬೇರೆ ಸೀರೆಯಾದರೆ ನೇಯ್ದು ಇಳಿಸಿದ ಮೇಲೆ ಮಗ್ಗದಲ್ಲಿ ಗೇಣುದ್ದ ಹಳೆಯ ಎಳೆಗಳನ್ನು ಬಿಟ್ಟಿರುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಬೂದಿ ಹಚ್ಚಿ ಹೊಸೆದು ಗಂಟು ಹಾಕುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಹಾಗೆ ಮಾಡಿದರೆ ಬಾಚಣಿಕೆಯಂಥ ಹಣಿಗೆಯೊಳಗೆ ಮೂರು ಸಾವಿರ ಎಳೆಗಳನ್ನು ಮತ್ತೆ ಮೊದಲಿನಿಂದ ಪೋಣಿಸುವ ಕಷ್ಟವಿಲ್ಲ. ಆದರೆ ಜಕಣ್ಯಾರ ಸೀರೆ ಇಳಿಸಿದ ಮೇಲೆ ಮಾತ್ರ ಕೆಚ್ಚಕೂಡದು. ಉಳಿದ ಎಳೆಗಳನ್ನೆಲ್ಲ ಎಳೆದು ತೆಗೆದು ಸೀರೆಯ ಜೊತೆಗೇ ಬಾವಿಗೆ ಹಾಕಬೇಕು. ಮಗ್ಗ ಬೋಳಾಗಬೇಕು. ಯಾಕೆಂದರೆ ಗಂಟು ಬಿದ್ದರೆ ಮುಂದಿನ ಸೀರೆಯೂ ಅವರ ಸೀರೆಯ ಮುಂದುವರಿಕೆಯೇ ಆಯಿತು.

ಇದು ವೀರವ್ವನಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ತನ್ನ ಹೆಸರಿಗಿಂತ ಚೆನ್ನಾಗಿ ಗೊತ್ತಿತ್ತು.

ಆದರೆ ಬಸುರಿ ಮಗಳು ಬನಶ್ರೀಗೆ ಏಳು ತಿಂಗಳು. ಮೆಣಸಗಿಯ ಗಂಡನ ಮನೆಯಲ್ಲಿ ಶುಕ್ರವಾರ ಕುಬಸ, ಅಂದರೆ ಸೀಮಂತ, ಇಟ್ಟಿದ್ದರು. ತವರಿನಿಂದ ಹಸಿರು ಸೀರೆ, ಹಸಿರು ಬಳೆ ಹೋಗಬೇಕು. ಅಂಗಡಿಯ ಸೀರೆ ಒಯ್ದರೆ ಬೀಗತಿ ಕಲ್ಲವ್ವ, 'ನೇಕಾರತಿ ಅಂತ ಬಣಿವಿಯಷ್ಟ ಹೇಳಿದ್ರಿ, ಮಗಳಿಗೆ ಕೊಳ್ಳೂ ಸೀರೀನ ಆತೇನ್ರಿ' ಎಂದು ಮೆಣಸಗಿಯಿಂದ ಕೂಗಿದರೆ ರೋಣದ ಬಸ್‌ಸ್ಟ್ಯಾಂಡಿನವರೆಗೆ ಕೇಳಿಸೀತು. ದಿನ ಉಳಿದದ್ದು ಎಂಟು. ಹಣಿಗೆ ಪೋಣಿಸುವುದಕ್ಕೇ ಮೂರು ದಿನ ಬೇಕು, ಅದಕ್ಕೂ ಎರಡು ಜೊತೆ ಕಣ್ಣು ಬೇಕು. ಗಂಡನ ಕಣ್ಣು ಡಬ್ಬಿಯಲ್ಲಿದ್ದ ಹನಿಯ ಔಷಧಿಯ ಮೇಲೆ ನಡೆದಿದ್ದವು. ಎದುರಿಗೆ ಮಗ್ಗದಲ್ಲಿ ಅದೇ ಹಸಿರು, ಅದೇ ನೂಲು, ಗೇಣುದ್ದ ಕಾಯುತ್ತ ಕೂತಿತ್ತು.

ಬಾವಿಗೆ ಏಳು ಸೀರೆ ಮಾತ್ರ ಹೋದವು. ವೀರವ್ವ ಕದ ಹಾಕಿಕೊಂಡು ಒಂದೂವರೆ ದಿನ ಕೆಚ್ಚಿದಳು.

ಸೀರೆ ಬಂದ ಚೆಂದಕ್ಕೆ ಅವಳಿಗೇ ಹೆದರಿಕೆಯಾಯಿತು. ಮೂವತ್ತೊಂಬತ್ತು ವರ್ಷದಲ್ಲಿ ಒಂದೂ ಎಳೆ ಹರಿಯದ ಸೀರೆ ಅದೊಂದೇ. ಮುಟ್ಟಿದರೆ ಬೇಸಿಗೆಯಲ್ಲೂ ತಣ್ಣಗೆ, ಈಗಷ್ಟೆ ಹಿಂಡಿ ಒಣಹಾಕಿದಂತೆ. ಕುಬಸದ ಸೀರೆಯ ಆರಂಭದ ತುದಿಗೆ ಕತ್ತರಿ ತಾಗಿಸುವುದಿಲ್ಲ, ಹುಟ್ಟುವ ಕೂಸಿಗೆ ಕೇಡೆಂದು. ಹೀಗಾಗಿ ಗಂಟುಗಳೂ ಅವುಗಳಾಚೆಯ ಗೇಣುದ್ದದ ಎಳೆಗಳೂ ಜಾಲರಿಯಂತೆ ಒಳತುದಿಯಲ್ಲಿ ಉಳಿದೇ ಹೋದವು. ಸೊಂಟಕ್ಕೆ ಸಿಗಿಸಿದ ಮೇಲೆ ಯಾರು ನೋಡುತ್ತಾರೆ ಎಂದುಕೊಂಡಳು.

ಕುಬಸ ಚಲೋ ಆಯಿತು. ಕಲ್ಲವ್ವ ಕೂಡ ಸೀರೆಯಲ್ಲಿ ತಪ್ಪು ಹುಡುಕಿ ಸಿಗದೆ, ಕೊನೆಗೆ ಹೋಳಿಗೆ ಸಣ್ಣವಾದವೆಂದು ಸಮಾಧಾನ ಮಾಡಿಕೊಂಡಳು.

ಬುಧವಾರ ಸಂಜೆ ಬನಶ್ರೀಯ ಫೋನು ಬಂತು.

"ಅವ್ವಾ, ಆ ಸೀರಿ ಉಟ್ಟಾಗಿಂದ ಬಿಚ್ಚಾಕ ಮನಸ ಬರವಲ್ದು ನೋಡ. ಬಿಚ್ಚಿದ್ರ ಚಳಿ ಹತ್ತತೈತಿ. ಹೊಟ್ಟಿ ಒಳಗಿಂದೂ ಸುಮ್ಮನಾಗಿಬಿಡತೈತಿ. ಉಟ್ರ ಮತ್ತ ಒದಿಯಾಕ ಚಾಲೂ."

ವೀರವ್ವನ ಕೈಯಲ್ಲಿದ್ದ ಲಾಳಿ ಮಡಿಲಿಗೆ ಬಿತ್ತು. "ಐದ ದಿನ ಒಂದ ಸೀರಿಯಾಗ ಅದೀಯೇನ?"

"ಹೊಲಸ ಆಗಂಗಿಲ್ಲವ್ವ ಅದು. ಅದಿರ್ಲಿ, ನೀ ನಿನ್ನೆ ಕಳಸಿದ್ದಿ ಅಲ್ಲ, ಆ ಏಳ ಮಂದಿ ಯಾರ? ನಮ್ಮ ಪೈಕಿ ಅಷ್ಟ ಚೆಂದನ ಹೆಣಮಕ್ಕಳು ಅದಾರ ಅಂತ ನನಗ ಗೊತ್ತ ಇರಲಿಲ್ಲ."

"ನಾ ಯಾರನ್ನೂ ಕಳಿಸಿಲ್ಲ."

"ಮಧ್ಯಾಹ್ನ ಎಲ್ಲಾರೂ ಮಲಗಿದಾಗ ಬಂದಿದ್ರು. 'ನಮ್ಮ ಸೀರಿ ನಿನಗ ಒಪ್ಪತೈತಿ' ಅಂದ್ರು. ಹೊಟ್ಟಿ ಮ್ಯಾಲ ಕೈ ಇಟ್ರು. ಏಳೂ ಮಂದಿ ಸರತಿ ಹಚ್ಚಿ ಇಟ್ರವ್ವ. 'ತವರಿನವರು ನಾವು, ಅಮಾಸಿ ದಿನ ಮಧ್ಯಾಹ್ನ ಬಂಡಿ ತಗೊಂಡ ಬರ್ತೀವಿ, ಹಡೆಯಾಕ ನಮ್ಮನಿಗೇ ಬಾ' ಅಂದ್ರು. ನಾ ಹೂಂ ಅಂದ್ನಿ. ಅಮಾಸಿ ನಾಳೆನ ಐತೆಲ್ಲ?"

ವೀರವ್ವ ಮೊದಲು ಓಡಿದ್ದು ಪಕ್ಕದ ಮನೆಯ ಖಾಜಾಬಿಯ ಹತ್ತಿರ. ಖಾಜಾಬಿ ಓಣಿಗೆಲ್ಲ ನೂಲು ಸುತ್ತಿಕೊಡುವವಳು, ಕೆಚ್ಚುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಮಾತಾಡುತ್ತ ಗಂಟು ಹಾಕುವಾಗ ಒಮ್ಮೆ ತನ್ನ ಸೆರಗನ್ನೂ ಹಾಸಿನ ಎಳೆಗಳಿಗೆ ಸೇರಿಸಿ, ಎದ್ದು ಹೊರಟಾಗ ಮಗ್ಗವೂ ಬೆನ್ನು ಹತ್ತಿತ್ತು ಎಂಬ ಖ್ಯಾತಿ ಅವಳದು. ಎಲ್ಲ ಕೇಳಿ ಅವಳು ಕೈಯಲ್ಲಿದ್ದ ನೂಲು ಕೆಳಗಿಟ್ಟಳು. ಖಾಜಾಬಿ ನೂಲು ಕೆಳಗಿಟ್ಟದ್ದು ನೋಡಿಯೇ ವೀರವ್ವನಿಗೆ ಅರ್ಧ ಜೀವ ಹೋಯಿತು.

"ನಮ್ಮಾಗ ಇವರಿಗೆ ಪರಿ ಅಂತಾರ," ಎಂದಳು ಖಾಜಾಬಿ. "ನಮ್ಮ ಅಜ್ಜಿ ತಂಗೀನ ಹಿಂಗ ನಕ್ಕೋತ ಕರಕೊಂಡ ಹೋಗಿದ್ರಂತ. ಹೆಸರ ಏನರ ಇರಲಿ ವೀರಕ್ಕ, ಬುದ್ಧಿ ಒಂದ."

"ಸೀರಿ ಸುಟ್ಟಬಿಡ್ಲೇನ?"

ಪಕ್ಕದ ತನ್ನ ಕಟ್ಟೆಯ ಮೇಲಿಂದಲೇ ಎಲ್ಲ ಕೇಳಿಸಿಕೊಂಡಿದ್ದ ಹನಮಂತಪ್ಪ ಕಪ್ಪು ಕನ್ನಡಕ ತೆಗೆದ. ಬೈಯುತ್ತಾನೆಂದು ವೀರವ್ವ ತಲೆ ತಗ್ಗಿಸಿದಳು. ಅವನು ಬೈಯಲಿಲ್ಲ. ಅದು ಇನ್ನೂ ಕೆಟ್ಟದ್ದಾಗಿತ್ತು.

"ಸುಡಬ್ಯಾಡ. ಕತ್ತರೀನೂ ಹಾಕಬ್ಯಾಡ. ಮೈಮ್ಯಾಲಿನ ಎಳಿ ಕತ್ತರಿಸಿದ್ರ ಹೊಟ್ಟ್ಯಾಗಿಂದ ಏನ ಹರೀತೈತೋ ಯಾರಿಗೊತ್ತು. ಕೈಲೆ ಹಾಕಿದ್ದನ್ನ ಕೈಲೆ ಬಿಚ್ಚಬೇಕು ಅಂತಿದ್ದ ನಮ್ಮಪ್ಪ. ಒಂದೊಂದ ಗಂಟ."

"ಮೂರ ಸಾವಿರ ಅದಾವ್ರಿ."

"ಹಾಕುವಾಗ ಎಣಿಸಿದ್ದಿಲ್ಲೇನ?" ಎಂದವನು ಮತ್ತೆ ಕನ್ನಡಕ ಹಾಕಿಕೊಂಡ.

ಬೆಳಗಿನ ಮೊದಲ ಬಸ್ಸು ಹತ್ತಿದರು, ವೀರವ್ವ ಮತ್ತು ಖಾಜಾಬಿ. ಆ ಬಸ್ಸು ಎಷ್ಟು ನಿಧಾನವೆಂದರೆ ದಾರಿಯಲ್ಲಿ ಬಿತ್ತುತ್ತಿದ್ದ ಹೊಲ ಹಿಂದಕ್ಕೆ ಸರಿಯುವಷ್ಟರಲ್ಲಿ ಮೊಳಕೆ ಒಡೆಯುತ್ತಿತ್ತು. ರೋಣದಲ್ಲಿ ಇಳಿದರೆ ಮೆಣಸಗಿಯ ಬಸ್ಸಿಗೆ ಡ್ರೈವರ್ ಇಲ್ಲ, ಡ್ರೈವರ್ ಬಂದರೆ ಕಂಡಕ್ಟರ್ ಚಹಾಕ್ಕೆ ಹೋಗಿದ್ದ. ವೀರವ್ವ ಬಿಸಿಲನ್ನು ನೋಡಿ ನೋಡಿ ಹೊತ್ತು ಲೆಕ್ಕ ಹಾಕಿದಳು. ಮಗಳಿಗೆ ಎರಡು ಸಲ ಫೋನು ಮಾಡಿದಳು. ಎರಡೂ ಸಲ ಎತ್ತಿದ್ದು ಯಾರೋ, ಮಾತಾಡಲಿಲ್ಲ. ಒಳಗೆ ನೀರು ತೊಟ್ಟಿಕ್ಕುವ ಸದ್ದು ಮಾತ್ರ.

ಎಂಟೂವರೆಗೆ ಮೆಣಸಗಿ ಮುಟ್ಟಿದರು. ಕಲ್ಲವ್ವ ಬಾಗಿಲಲ್ಲೇ ನಿಂತಿದ್ದಳು. ಮಗ ಚನ್ನಬಸವ ಟ್ರ್ಯಾಕ್ಟರ್ ತೆಗೆದುಕೊಂಡು ಯಾವಗಲ್ಲಿಗೆ ಬಾಡಿಗೆಗೆ ಹೋಗಿದ್ದ, ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ.

"ಏನ್ರಿ ಬೀಗತಿ, ಹೋಳಿಗಿ ಸಣ್ಣು ಅಂದಿದ್ದಕ್ಕ ಮತ್ತೊಮ್ಮೆ ಮಾಡಿಕೊಂಡ ಬಂದ್ರೇನು?"

ವೀರವ್ವ ಹೊಸ್ತಿಲ ಮೇಲೆಯೇ ಎಲ್ಲ ಹೇಳಿಬಿಟ್ಟಳು. ಮಾನ ಹೋಗುವುದಿದ್ದರೆ ಲಗೂ ಹೋಗಲಿ, ಹೊತ್ತಾದರೂ ಉಳಿದೀತು ಎಂದು. ಕಲ್ಲವ್ವ ದನಿ ತಗ್ಗಿಸಿದಳು. ಮೆಣಸಗಿಯ ಇತಿಹಾಸದಲ್ಲಿ ಅದು ಮೊದಲ ಸಲ. ಮೆಲ್ಲಗೆ ಹೇಳಿದಳು:

"ಮುಂಜಾನಿಂದ ಅಕಿ ಕುಂತಲ್ಲೆ ನೆಲ ಹಸಿ ಐತ್ರಿ. ನಾ ಒರಸಿ ಒರಸಿ ಸಾಕಾದ್ನಿ. ಹೊಳಿ ಊರು ನಮ್ಮದು, ನನಗ ಆಗಲೇ ಸಂಶೇ ಬಂದಿತ್ತು. ಯಾರ ಮುಂದ ಹೇಳ್ಲಿ?"

ಬನಶ್ರೀ ಮಂಚದ ಮೇಲೆ ಕೂತಿದ್ದಳು. ತಲೆ ಬಾಚಿ, ಹೂವು ಮುಡಿದು, ಬಟ್ಟೆಯ ಗಂಟು ಕಟ್ಟಿಟ್ಟುಕೊಂಡು, ಪ್ರಯಾಣಕ್ಕೆ ಹೊರಟವಳಂತೆ. ಮೈಬಣ್ಣ ತಿಳಿಯಾಗಿ, ಕೈಯ ನರಗಳು ನೀರೊಳಗಿನ ಪಾಚಿಯಂತೆ ಹಸಿರಾಗಿ ಕಾಣುತ್ತಿದ್ದವು. ತಾಯಿಯನ್ನು ನೋಡಿ ನಕ್ಕಳು. ಆ ನಗು ಬನಶ್ರೀಯದಾಗಿರಲಿಲ್ಲ.

"ನೀ ಯಾಕ ಬರಾಕ ಹೋದಿ ಅವ್ವಾ? ಅವರು ಬರ್ತಾರಲ್ಲ."

ಸೀರೆ ಬಿಚ್ಚು ಎಂದರೆ ಒಲ್ಲೆ ಎಂದಳು. ಒತ್ತಾಯ ಮಾಡಿದರೆ ತುಟಿ ನೀಲಿಯಾಗುವ ಹಾಗೆ ನಡುಗಿದಳು. ಕೊನೆಗೆ ಉಟ್ಟ ಹಾಗೆಯೇ ಕೂಡಿಸಿ, ಸೊಂಟದಿಂದ ಒಳತುದಿಯನ್ನಷ್ಟೆ ಹೊರಗೆಳೆದು, ಒಂದು ಬದಿಗೆ ವೀರವ್ವ, ಇನ್ನೊಂದು ಬದಿಗೆ ಖಾಜಾಬಿ ನೆಲದ ಮೇಲೆ ಕೂತರು. ಬಿಚ್ಚಿದ ಎಳೆಗಳನ್ನು ನೆಲಕ್ಕೆ ಬಿಡಲು ವೀರವ್ವನಿಗೆ ಧೈರ್ಯವಾಗಲಿಲ್ಲ, ಹಸಿ ನೆಲ ಅವುಗಳನ್ನು ಕುಡಿದುಬಿಟ್ಟೀತು ಎನ್ನಿಸಿತು. ಒಂದೊಂದನ್ನೂ ತನ್ನ ಉಡಿಯಲ್ಲಿ, ಮಡಿಲಿಗೆ ಹಿಡಿದ ಸೆರಗಿನೊಳಗೆ, ಹಾಕಿಕೊಳ್ಳುತ್ತ ಹೋದಳು. ಖಾಜಾಬಿಯೂ ಅಲ್ಲಿಗೇ ಎಸೆದಳು.

ಗಂಟು ಹಾಕಿ ಹೊಟ್ಟೆ ಹೊರೆದ ಆ ಇಬ್ಬರು ಹೆಂಗಸರು ಆ ದಿನ ಬಿಚ್ಚಿದ ಹಾಗೆ ಜಗತ್ತಿನಲ್ಲಿ ಯಾರೂ ಬಿಚ್ಚಿಲ್ಲ. ಬೆರಳುಗಳು ಕಣ್ಣಿಗೆ ಕಾಣಿಸುತ್ತಿರಲಿಲ್ಲ, ಗಾಳಿ ಬೀಸಿ ಎದುರಿನ ಕ್ಯಾಲೆಂಡರಿನ ಹಾಳೆ ತಾನೇ ಮಗುಚುತ್ತಿತ್ತು. ಆದರೂ ಗಂಟುಗಳು ಕಡಿಮೆಯಾಗುತ್ತಿಲ್ಲ ಎನಿಸುತ್ತಿತ್ತು. ಹೊಸೆದ ಎಳೆ ಹಸಿಯಾಗಿ ಉಬ್ಬಿತ್ತು. ಉಗುರು ಕಿತ್ತು ರಕ್ತ ಬಂದರೆ ಸೀರೆ ಅದನ್ನು ಹೀರಿ ಮತ್ತೆ ಹಸಿರಾಗುತ್ತಿತ್ತು. ಹತ್ತು ಗಂಟೆಗೆ ಅರ್ಧವಾಯಿತು. ಹನ್ನೊಂದಕ್ಕೆ ಬನಶ್ರೀ ಮೊದಲ ಸಲ ತನ್ನ ದನಿಯಲ್ಲಿ, "ಅವ್ವಾ, ಹೊಟ್ಟಿ ಭಾರ ಆಗೇತಿ" ಎಂದಳು. ವೀರವ್ವ ತಲೆಯೆತ್ತಲಿಲ್ಲ. ಎತ್ತಿದರೆ ಹತ್ತು ಗಂಟು ಹೋದವೆಂದೇ ಲೆಕ್ಕ.

ಹನ್ನೆರಡಕ್ಕೆ ಸರಿಯಾಗಿ ಓಣಿಯ ಸಿಮೆಂಟ್ ರಸ್ತೆಯಲ್ಲಿ ಎತ್ತಿನ ಗೆಜ್ಜೆ ಕೇಳಿಸಿತು. ಗಾಲಿಯ ಸದ್ದಿಲ್ಲ. ಓಣಿಯ ನಾಯಿಗಳು ಬೊಗಳಲಿಲ್ಲ, ಒಂದೊಂದಾಗಿ ಎದ್ದು ಬೇರೆ ಓಣಿಗೆ ಹೋದವು.

"ಎಷ್ಟ ಉಳದಾವ?" ಎಂದಳು ಕಲ್ಲವ್ವ.

"ನಲವತ್ತರ ಮ್ಯಾಲ."

ಕಲ್ಲವ್ವ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಪಡಸಾಲೆಗೆ ಹೋದಳು.

ಏಳು ಮಂದಿ ಬಂದರು. ಬಾವಿಗೆ ಹಾಕಿದ ಮೊಳದುದ್ದದ ಸೀರೆಗಳೇ ಅವರ ಮೈಮೇಲೆ ಆರು ಗಜವಾಗಿ ಇಳಿದಿದ್ದವು. ಚೆಲುವೆಂದರೆ ಒಂದು ಸಲ ನೋಡಿದವರು ಎರಡನೇ ಸಲ ನೋಡಬಾರದೆನ್ನುವ ಚೆಲುವು. ಏಳೂ ಮಂದಿ ಒಟ್ಟಿಗೆ ಉಸಿರೆಳೆದುಕೊಂಡರು, ಒಟ್ಟಿಗೆ ಬಿಟ್ಟರು. ಯಾರೂ ರೆಪ್ಪೆ ಬಡಿಯಲಿಲ್ಲ. ಸುಡುವ ಬಿಸಿಲಿನಲ್ಲಿ ಅವರ ಹಸಿ ಹೆಜ್ಜೆಗಳು ಆರದೆ ಹಾಗೇ ನಿಂತಿದ್ದವು.

"ಮಗಳನ್ನ ಹಡೆಯಾಕ ಕರಕೊಂಡ ಹೋಗಾಕ ಬಂದೀವ್ರಿ," ಎಂದಳು ಹಿರಿಯಳು. ಸಕ್ಕರೆಗೂ ಸಪ್ಪೆ ಎನ್ನಿಸುವಂಥ ದನಿ.

"ಬರ್ರಿ, ಕುಂಡ್ರಿ," ಎಂದಳು ಕಲ್ಲವ್ವ. "ಬಾಗಲದಾಗ ನಿಂತ ಕೇಳಿದ್ರ ನಮ್ಮನ್ಯಾಗ ಬೆಂಕಿಪೆಟ್ಟಿಗೀನೂ ಕೊಡೂದಿಲ್ಲ. ಬೀಗರಂತೀರಿ, ಬರಿಗೈಲೆ ಬಂದೀರಿ. ಒಂದ ಉತ್ತತ್ತಿ ಇಲ್ಲ, ಒಂದ ಕೊಬ್ಬರಿ ಇಲ್ಲ. ಯಾವೂರ ಪದ್ಧತಿ ಇದು?"

ಏಳು ಮಂದಿಯೂ ಒಟ್ಟಿಗೆ ಮುಖ ತಿರುಗಿಸಿ ಒಬ್ಬರನ್ನೊಬ್ಬರು ನೋಡಿದರು. ಸಾವಿರ ವರ್ಷದಲ್ಲಿ ಅವರನ್ನು ಹೀಗೆ ಕೇಳಿದವರಿರಲಿಲ್ಲ.

"ಹೋಗ್ಲಿ, ಉಂಡಾದ್ರೂ ಹೋಗ್ರಿ. ಉಣ್ಣದ ಬೀಗರ ಕೈಯಾಗ ಸೊಸಿ ಕೊಟ್ರ ನಮ್ಮ ಮನಿತನಕ್ಕ ಕೆಟ್ಟ ಹೆಸರ ಬರತೈತಿ." ಕಲ್ಲವ್ವ ಏಳು ತಾಟು ಹಾಕಿದಳು. ರೊಟ್ಟಿ, ಬದನೆಕಾಯಿ ಪಲ್ಯ, ಬದಿಗೆ ಮುಷ್ಟಿ ಮುಷ್ಟಿ ಉಪ್ಪು.

ಜಕಣ್ಯಾರಿಗೆ ಉಪ್ಪು ಆಗಿಬರುವುದಿಲ್ಲ, ಹೊಳೆದಂಡೆಯವರಿಗೆ ಅದು ಗೊತ್ತು. ಏಳು ಮಂದಿ ತಾಟು ನೋಡುತ್ತ ಕೂತರು. ಬೀಗತನ ಹೇಳಿಕೊಂಡು ಬಂದವರು ಊಟ ಬಿಟ್ಟು ಏಳುವಂತಿಲ್ಲ, ಉಣ್ಣುವಂತೆಯೂ ಇಲ್ಲ. ಕಲ್ಲವ್ವ ಎದುರಿಗೆ ಕೂತು, ಪಲ್ಯದ ಬದನೆಕಾಯಿ ಯಾವ ಹೊಲದ್ದು, ಆ ಹೊಲದವನ ಹೆಂಡತಿ ಎಂಥವಳು, ಅವಳ ತಂಗಿಯ ಲಗ್ನ ಯಾಕೆ ಮುರಿಯಿತು ಎಂದು ಹೇಳತೊಡಗಿದಳು. ಆ ಮಾತಿಗೆ ಗೋಡೆಯ ಹಲ್ಲಿ ಕೂಡ ಕಣ್ಣು ಮುಚ್ಚಿತು. ಕೊನೆಗೆ ಕಿರಿಯಳು ಬೇಸತ್ತು ರೊಟ್ಟಿ ಮುರಿಯಲು ಹೋದಳು. ಬೆರಳು ಉಪ್ಪಿಗೆ ತಾಗಿದ್ದೇ ತಡ, ತುದಿ ಬೆಲ್ಲದ ಹಾಗೆ ಕರಗಿ ತಾಟಿನಲ್ಲಿ ತೊಟ್ಟಿಕ್ಕಿತು. ಅವಳು ಅದನ್ನು ಆಶ್ಚರ್ಯದಿಂದ ನೋಡಿದಳು.

"ಸಾಕ್ರಿ," ಎಂದು ಹಿರಿಯಳು ಎದ್ದಳು. ಈಗ ದನಿಯಲ್ಲಿ ಸಕ್ಕರೆಯಿರಲಿಲ್ಲ. ಕಲ್ಲವ್ವನನ್ನು ದಾಟಿ ಒಳಗಿನ ಬಾಗಿಲಿಗೆ ಬಂದಳು.

ಅದೇ ಹೊತ್ತಿಗೆ ಖಾಜಾಬಿಯ ಬೆರಳಿನಿಂದ ಕೊನೆಯ ಗಂಟು ಬಿಟ್ಟುಕೊಂಡಿತು. ಬನಶ್ರೀ ಹತ್ತು ಮೈಲಿ ಓಡಿ ಬಂದವಳಂತೆ ಉಸಿರು ಬಿಟ್ಟು, ಬಾಗಿಲಲ್ಲಿ ನಿಂತವರನ್ನು ಈಗಷ್ಟೆ ಕಂಡವಳಂತೆ ಕಿರುಚಿ ಖಾಜಾಬಿಯನ್ನು ಅಪ್ಪಿಕೊಂಡಳು.

ಹಿರಿಯಳು ಅವಳನ್ನು ನೋಡಲೇ ಇಲ್ಲ. ವೀರವ್ವನ ಉಡಿಯನ್ನು ನೋಡುತ್ತಿದ್ದಳು. ಮೂರು ಸಾವಿರ ಹಸಿರೆಳೆ ಅಲ್ಲಿ ತುಂಬಿ ಉಕ್ಕುತ್ತಿತ್ತು.

"ನಮ್ಮ ನೂಲಿನಿಂದ ಉಡಿ ತುಂಬಿದಾಕಿ ನಮ್ಮ ಮನಿ ಮಗಳು," ಎಂದಳು. "ಯಾರ ಉಡಿ ಅಂತ ನಮಗೇನೂ ಹಟ ಇಲ್ಲ. ಕೆಳಗ ಚೆಲ್ಲಿದ್ರ ಈ ಮನಿಗೇ ಉಳೀತಾವ. ಆವಾಗ ಆ ಬಸುರೀನ ಮತ್ತೊಮ್ಮೆ ಕೇಳತೀವಿ, ಇಲ್ಲಾ ಅಕಿ ಹೊಟ್ಟ್ಯಾಗಿಂದನ್ನ."

ವೀರವ್ವ ಒಮ್ಮೆ ಮಗಳನ್ನು ನೋಡಿದಳು. ಆಮೇಲೆ ಉಡಿಯ ಎರಡೂ ತುದಿ ಸೇರಿಸಿ, ಒಂದು ಎಳೆಯೂ ಜಾರದಂತೆ ಮಡಚಿ, ಸೊಂಟಕ್ಕೆ ಭದ್ರವಾಗಿ ಸಿಗಿಸಿಕೊಂಡಳು. ಹೊಟ್ಟೆಗೆ ಬಾವಿಯ ನೀರು ತಾಗಿದಂತಾಯಿತು.

"ಚೆಲ್ಲಂಗಿಲ್ರಿ," ಎಂದಳು. "ಉಡಿ ನನ್ನದ ತುಂಬೈತಿ. ಇನ್ನ ಆ ಹುಡುಗಿ ಕಡೆ ನೋಡಬ್ಯಾಡ್ರಿ."

ಏಳು ಮಂದಿ ಒಟ್ಟಿಗೆ ನಕ್ಕರು. ಮಗಳು ಸಿಕ್ಕವರ ನಗು ಅದು, ಅದರಲ್ಲಿ ಮೋಸವಿರಲಿಲ್ಲ. "ಈಗ ಬಾಳೇವು ಮಾಡ ಹೋಗು," ಎಂದಳು ಹಿರಿಯಳು. "ಪಂಚಮಿಗೆ ತವರಿಗೆ ಬಾ. ದಾರಿ ನಿನಗ ಗೊತ್ತೈತಿ."

ಎತ್ತಿನ ಗೆಜ್ಜೆ ಹೊಳೆಯ ಕಡೆಗೆ ಹೋಯಿತು.

ಬನಶ್ರೀ ದಿನ ತುಂಬಿ ಹೆಣ್ಣು ಹಡೆದಳು. ಅದರ ಅಳುವಿಗೆ ಹನಮಂತಪ್ಪನ ಉಳಿದ ಪೊರೆಯೂ ಹರಿದು ಹೋಯಿತೆಂದು ಖಾಜಾಬಿ ಎಲ್ಲರ ಮುಂದೆ ಹೇಳುತ್ತಾಳೆ. ವೀರವ್ವ ಮೊಮ್ಮಗಳಿಗೆ ಎಣ್ಣೆ ಹಚ್ಚಿ ಎರೆದಳು, ಬಾಣಂತನ ಮಾಡಿದಳು, ಮತ್ತೆ ಕುಣಿಗೆ ಕಾಲಿಳಿಸಿ ಕೂತಳು. ಬಾವಿಯ ಮಾತನ್ನು ಮಗಳಿಗೆ ಗಂಡ ಹೆಂಡತಿ ಇಬ್ಬರೂ ಹೇಳಲಿಲ್ಲ. ಆ ಮಧ್ಯಾಹ್ನದ ನೆನಪು ಅವಳಿಗೆ ಜ್ವರದ ಕನಸಿನಷ್ಟೇ ಉಳಿದಿತ್ತು.

ಮೊದಲ ನಾಗರಪಂಚಮಿಗೆ ವೀರವ್ವ ಉಂಡಿ ಕಟ್ಟಿಕೊಂಡು ಬೆಳಿಗ್ಗೆ ಬಾವಿಯ ಮೆಟ್ಟಿಲಿಳಿದವಳು ಸಂಜೆಗೆ ಬಂದಳು. ಎರಡನೇ ವರ್ಷ ಮೂರು ದಿನ. ಬಂದಾಗ ತಲೆಯ ಬಿಳಿಗೂದಲು ಕಪ್ಪಾಗಿದ್ದವು. ಏನು ಮಾಡಿದರು ಅಲ್ಲಿ ಎಂದು ಗಂಡ ಕೇಳಿದ. "ಭಾಳ ಪ್ರೀತಿ ಮಾಡ್ತಾರ್ರಿ," ಎಂದಳು, ಅವನ ಮುಖ ನೋಡದೆ. ಆಮೇಲೆ ಒಂದು ತಿಂಗಳು ಊಟದ ಸಾರು ಉಪ್ಪಾಯಿತೆಂದು ತಾಟು ಸರಿಸುತ್ತಿದ್ದಳು.

ಈ ವರ್ಷ ಹೋಗಿ ಆರು ದಿನವಾಯಿತು. ಖಾಜಾಬಿ ದಿನಾ ಮಧ್ಯಾಹ್ನ ಮೆಟ್ಟಿಲ ಮೇಲೆ ನಿಂತು ಕರೆದು ಬರುತ್ತಾಳೆ. ಒಳಗಿನಿಂದ ಎಂಟು ಮಂದಿ ನಗುವ ಸದ್ದು ಕೇಳುತ್ತದೆ, ಅದರಲ್ಲಿ ವೀರವ್ವನದು ಯಾವುದೆಂದು ಇತ್ತಿತ್ತಲಾಗಿ ಗುರುತು ಸಿಗುವುದಿಲ್ಲ ಎನ್ನುತ್ತಾಳೆ. ಸಂಜೆಗೆ ಬನಶ್ರೀ ಫೋನು ಮಾಡುತ್ತಾಳೆ.

"ಅಪ್ಪಾ, ಅವ್ವ ಎಲ್ಲಿ ಅದಾಳ? ಕೂಸು ಆಯೀ ಅನ್ನಾಕ ಕಲ್ತೈತಿ, ಅದರ ಆಯಿಗೇ ಕೇಳಸತೀನಿ ಕೊಡು."

"ಮಗ್ಗದ ಮ್ಯಾಲ ಕುಂತಾಳವ್ವ," ಎನ್ನುತ್ತಾನೆ ಹನಮಂತಪ್ಪ. "ನಿನಗ ಗೊತ್ತಲ್ಲ, ಕುಂತ್ರ ಏಳೂದಿಲ್ಲ ಅಕಿ. ನಾಳೆ ಮಾಡು." ಫೋನು ಬಂದ್ ಮಾಡದೆ ಕುಣಿಗೆ ಇಳಿದು, ಮಗಳಿಗೆ ಕೇಳಲೆಂದು ತಾನೇ ನಾಲ್ಕು ಸಲ ಲಾಳಿ ಹೊಡೆಯುತ್ತಾನೆ.